ನಮಗೆ ಸುಲಭವಾದದ್ದು ಎಲ್ಲರಿಗೂ ಸುಲಭವೇ? ಸೂಚನೆಗಳಲ್ಲಿ ಬಿಟ್ಟುಹೋಗುವ ಹೆಜ್ಜೆಗಳನ್ನು ಹುಡುಕುವ ಬಗೆ

(ಇದೊಂದು ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಹೆಜ್ಜೆಗುರುತು

ಸೈಕಲ್ ಟ್ಯೂಬಿಗೆ ಪ್ಯಾಚ್ ಹಾಕುವುದನ್ನು ಒಮ್ಮೆಯೂ ಮಾಡಿರದವರಿಗಾಗಿ ಬರೆದ ಕರಡು ಇದು:

“ಚಕ್ರ ಬಿಚ್ಚಿ ಟ್ಯೂಬ್ ಹೊರತೆಗೆಯಿರಿ. ತೂತು ಹುಡುಕಿ. ಸುತ್ತ ಚೆನ್ನಾಗಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ಪ್ಯಾಚ್ ಅಂಟಿಸಿ. ಟ್ಯೂಬನ್ನು ಒಳಗೆ ಸೇರಿಸಿ ಸಾಕಷ್ಟು ಗಾಳಿ ಹೊಡೆಯಿರಿ. ಹತ್ತು ನಿಮಿಷದ ಸುಲಭ ಕೆಲಸ.”

ಕೆಲಸ ಬಲ್ಲವರು ಯಾರೇ ಓದಲಿ, ಸರಿಯಾಗಿದೆ ಎನ್ನುತ್ತಾರೆ. ಇದನ್ನೇ ಹಿಡಿದು ಕೂತ ಹೊಸಬರ ಪ್ಯಾಚ್ ಮಾತ್ರ ನಿಲ್ಲುವುದಿಲ್ಲ. ಏನೋ ಬಿಟ್ಟುಹೋಗಿದೆ ಎಂಬುದು ಖಚಿತ. ಆದರೆ ಬಿಟ್ಟುಹೋದದ್ದು ಬರೆದವರ ಕಣ್ಣಿಗೇ ಬೀಳದಿದ್ದರೆ ಅದನ್ನು ಹುಡುಕುವುದು ಹೇಗೆ? ಪ್ಯಾಚ್ ಒಂದು ನೆಪ. ಸಾಫ್ಟ್‌ವೇರ್ ಹೇಳಿಕೊಡುವವರು, ಲೆಕ್ಕ ಕಲಿಸುವವರು, ಹಿರಿಯರಿಗೆ ಫೋನ್ ತೋರಿಸಿಕೊಡುವವರು ಎಲ್ಲರೂ ಎಡವುವ ಜಾಗ ಇದು. ತಿಳಿದವರು ವಿವರವಾಗಿ ಬರೆಯಿರಿ.

ಸ್ಪ್ಯಾನರ್

ಮೊದಲು ಪ್ಯಾಚಿನ ವಿಷಯ. “ಸೊಲ್ಯೂಷನ್ ಹಚ್ಚಿ, ಪ್ಯಾಚ್ ಅಂಟಿಸಿ” ಎಂಬಲ್ಲೇ ಕೆಲಸ ಕೆಡುತ್ತಿದೆ. ಹಚ್ಚುವುದಕ್ಕೂ ಅಂಟಿಸುವುದಕ್ಕೂ ನಡುವೆ ಸುಮಾರು 5 ನಿಮಿಷ ಕಾಯಬೇಕು. ಗೋಂದು ಹಸಿಯಿರುವಾಗಲೇ ಅಂಟಿಸಬೇಕು ಎಂಬುದು ಕಾಗದ ಅಂಟಿಸಿದ ಪ್ರತಿಯೊಬ್ಬರಿಗೂ ಗೊತ್ತು. ಆ ತಿಳಿವಳಿಕೆಯೇ ಇಲ್ಲಿ ಮುಳುವಾಗುತ್ತದೆ. ಸೊಲ್ಯೂಷನ್ನಿನ ದ್ರಾವಕ ಆವಿಯಾಗಿ ಹೋದ ಮೇಲೆ ಉಳಿಯುವ ತೆಳು ಪದರಕ್ಕೇ ಪ್ಯಾಚ್ ಬೆಸೆದುಕೊಳ್ಳುವುದು. ಹಸಿಯಲ್ಲೇ ಇಟ್ಟರೆ ದ್ರಾವಕ ಅಡಿಯಲ್ಲಿ ಸಿಕ್ಕಿಕೊಂಡು ಪ್ಯಾಚ್ ಜಾರುತ್ತದೆ, ಗಾಳಿ ತುಂಬಿದೊಡನೆ ಅಂಚು ಏಳುತ್ತದೆ. ಹೊಳಪು ಹೋಗಿ ಮಂಕಾಗಿ ಕಂಡರೆ ಒಣಗಿದೆ ಎಂದರ್ಥ. ಬೆರಳಿಟ್ಟು ನೋಡುವುದಾದರೆ ಪ್ಯಾಚ್ ಕೂರುವ ಜಾಗದಿಂದ ಆಚೆಗೆ, ಪದರದ ಅಂಚಿನಲ್ಲಿ ನೋಡಬೇಕು. ನಡುವೆ ಮುಟ್ಟಿದರೆ ಕೈಯ ಜಿಡ್ಡು ಅಲ್ಲೇ ಕೂರುತ್ತದೆ.

“ಚೆನ್ನಾಗಿ ಉಜ್ಜಿ” ಎಂದರೆ ಎಷ್ಟು? ಪ್ಯಾಚಿಗಿಂತ ಸುತ್ತಲೂ ಒಂದು ಬೆರಳಿನಷ್ಟು ಹೆಚ್ಚು ಜಾಗ, ಟ್ಯೂಬಿನ ಹೊಳಪು ಮಾಯವಾಗುವ ತನಕ. ಟ್ಯೂಬಿನ ಉದ್ದಕ್ಕೆ ಅಚ್ಚಿನ ಏಣು ಓಡುತ್ತದೆ. ತೂತು ಅದರ ಹತ್ತಿರ ಇದ್ದರೆ ಏಣು ಸಮವಾಗುವವರೆಗೆ ಉಜ್ಜದೆ ವಿಧಿಯಿಲ್ಲ, ಇಲ್ಲದಿದ್ದರೆ ಅದರ ಬದಿಯ ಸಂದಿನಿಂದಲೇ ಗಾಳಿ ಸೋರುತ್ತದೆ. ಉಜ್ಜಿದ ಪುಡಿಯನ್ನು ಒರೆಸಬೇಕು.

ತೂತಿನ ಗುರುತಿನದೂ ಒಂದು ಗೋಳು. ತೂತಿನ ಮೇಲೆ ಒಂದು ಚುಕ್ಕೆ ಇಟ್ಟರೆ ಉಜ್ಜುವಾಗ ಅದೂ ಅಳಿಸಿಹೋಗುತ್ತದೆ. ಬಾಲ್‌ಪೆನ್ನಿನಿಂದ ಕೂಡಿಸುವ ಚಿಹ್ನೆಯಂತೆ ಗೀಟು ಹಾಕಿ, ನಾಲ್ಕು ತೋಳೂ ಪ್ಯಾಚಿಗಿಂತ ಉದ್ದವಿರಲಿ. ನಡುಭಾಗ ಅಳಿಸಿದರೂ ತೋಳುಗಳ ತುದಿ ನೋಡಿ ಕೇಂದ್ರ ಹಿಡಿಯಬಹುದು.

ಕೊನೆಗೆ, ಪ್ಯಾಚಿನ ಯಾವ ಬದಿ ಕೆಳಗೆ? ಹಾಳೆ ಸುಲಿದ ಬದಿ ಟ್ಯೂಬಿಗೆ. ಮೇಲಿನ ಪಾರದರ್ಶಕ ಪೊರೆ ಹಾಗೇ ಉಳಿದರೂ ತೊಂದರೆಯಿಲ್ಲ. ಅದನ್ನು ತೆಗೆದೇ ತೀರಬೇಕೆಂದು ಎಳೆದು ಪ್ಯಾಚಿನ ಅಂಚನ್ನೇ ಎಬ್ಬಿಸಿಬಿಡುವವರು ಬಹಳ.

ಒಳಗಂಟು

ಸ್ಪ್ಯಾನರ್ ಅವರು ಕೊಟ್ಟದ್ದರಲ್ಲಿ ಒಂದು ನಮೂನೆ ಇದೆ, ಗಮನಿಸಿ. ಬಿಟ್ಟುಹೋದವು ಯಾವುವು? ಕಾಯುವುದು, ಮುಟ್ಟದಿರುವುದು, ತೆಗೆಯದಿರುವುದು, ಹೊಳಪು ಹೋದದ್ದನ್ನು ಕಣ್ಣಿನಿಂದ ಗುರುತಿಸುವುದು. ಕೈ ಚಲಿಸುವ ಹೆಜ್ಜೆಗಳೆಲ್ಲ ಕರಡಿನಲ್ಲಿವೆ, ಕೈ ಸುಮ್ಮನಿರುವ ಹೆಜ್ಜೆಗಳು ಇಲ್ಲ. ಬಲ್ಲವರು ತಮ್ಮ ಕೆಲಸ ನೆನೆಸಿಕೊಂಡು ಬರೆಯುವಾಗ ನೆನಪಿಗೆ ಬರುವುದು ಮಾಡಿದ್ದು ಮಾತ್ರ. ಮಾಡದೆ ಬಿಟ್ಟದ್ದು, ನೋಡಿ ತೀರ್ಮಾನಿಸಿದ್ದು ನೆನಪಿನಲ್ಲಿ ಅಚ್ಚೊತ್ತುವುದೇ ಇಲ್ಲ.

ಕೈಕೆಲಸದ ಕಲಿಕೆಯನ್ನು ಮನೋವಿಜ್ಞಾನಿಗಳಾದ ಫಿಟ್ಸ್ ಮತ್ತು ಪೋಸ್ನರ್ 1967ರಲ್ಲಿ ಮೂರು ಹಂತವಾಗಿ ವಿಂಗಡಿಸಿದರು: ಯೋಚಿಸಿ ಮಾಡುವ ಹಂತ, ಹೆಜ್ಜೆಗಳು ಒಂದಕ್ಕೊಂದು ಕೂಡಿಕೊಳ್ಳುವ ಹಂತ, ತಾನಾಗಿ ನಡೆಯುವ ಹಂತ. ಮೂರನೆಯದಕ್ಕೆ ಬಂದವರ ಕೈಗೆ ಗೊತ್ತಿರುವುದು ಬಾಯಿಗೆ ಗೊತ್ತಿರುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನಿಮಿಷಕ್ಕೆ ಸುಮಾರು 72 ಪದ ಟೈಪ್ ಮಾಡುವವರ ಮುಂದೆ ಅಕ್ಷರವಿಲ್ಲದ ಇಂಗ್ಲಿಷ್ ಕೀಬೋರ್ಡಿನ ಚಿತ್ರ ಇಟ್ಟು ತುಂಬಲು ಹೇಳಿದರು. 26 ಅಕ್ಷರಗಳಲ್ಲಿ ಅವರು ಸರಿಯಾಗಿ ಗುರುತಿಸಿದ್ದು ಸರಾಸರಿ 15. ಬೆರಳು ತಪ್ಪದೆ ಹೋಗುವ ಜಾಗವನ್ನು ಕೇಳಿದರೆ ಹೇಳಲಾಗದು!

ಹಾಗಾಗಿ “ಇನ್ನಷ್ಟು ಯೋಚಿಸಿ ಬರೆಯಿರಿ” ಎಂಬ ಸಲಹೆಯಿಂದ ಏನೂ ಆಗುವುದಿಲ್ಲ. ಒಳಗೆ ಹುಡುಕಿದರೆ ಸಿಗದ್ದನ್ನು ಹೊರಗೆ ಕೂತು ನೋಡಿಯೇ ಹಿಡಿಯಬೇಕು.

ವಾಕ್ಯದೋಷ

ಯಾರನ್ನೂ ಕರೆದು ಕೂರಿಸುವ ಮೊದಲೇ ಕರಡಿನ ಮೇಲೆ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಹೆಜ್ಜೆಗುರುತು ಅವರೇ, ನಿಮ್ಮ ಕರಡಿನಲ್ಲಿ ಈ ಪದಗಳನ್ನು ಹುಡುಕಿ: ಚೆನ್ನಾಗಿ, ಸರಿಯಾಗಿ, ಸ್ವಲ್ಪ, ಸಾಕಷ್ಟು, ಹದವಾಗಿ, ನಿಧಾನಕ್ಕೆ, ಸುಮ್ಮನೆ, ಅಷ್ಟೇ. ಒಂದೊಂದರ ಹಿಂದೆಯೂ ಬಲ್ಲವರ ಒಂದು ತೀರ್ಮಾನ ಅಡಗಿದೆ. “ಸಾಕಷ್ಟು ಗಾಳಿ” ಎಂದರೆ ಟಯರಿನ ಬದಿಯಲ್ಲಿ ಅಚ್ಚಾಗಿರುವ ಮಿತಿಯೊಳಗೆ, ಪಂಪಿನ ಒತ್ತಡಮಾಪಕದ ಮುಳ್ಳು ನೋಡಿಕೊಂಡು. ಹಾಗೆಂದು ಬರೆಯಬೇಕು.

ಎರಡನೆಯದು ನಮ್ಮ ಭಾಷೆಗೇ ಸೇರಿದ್ದು. “ಉಜ್ಜಿ, ಹಚ್ಚಿ, ಅಂಟಿಸಿ” ಎಂದು ಕನ್ನಡದಲ್ಲಿ ಸರಾಗವಾಗಿ ಪೋಣಿಸಬಹುದು. “ಹಚ್ಚಿ” ಎಂದರೆ ಹಚ್ಚಿರಿ ಎಂಬ ಆದೇಶವೂ ಹೌದು, ಹಚ್ಚಿಕೊಂಡು ಮುಂದೆ ಹೋಗಿ ಎಂಬ ಕೊಂಡಿಯೂ ಹೌದು. ಓದುವವರು ಕೊಂಡಿ ಎಂದೇ ಓದಿ ಒಂದೇ ಉಸಿರಿನಲ್ಲಿ ಮೂರೂ ಮಾಡಿಬಿಡುತ್ತಾರೆ. ಕರಡಿನಲ್ಲಿರುವ ಪ್ರತಿಯೊಂದು ಕ್ರಿಯಾಪದದ ಮುಂದೆ ಪೂರ್ಣವಿರಾಮ ಹಾಕಿ, “ಇದು ಮುಗಿಯಿತು ಎಂದು ಯಾವುದರಿಂದ ಗೊತ್ತಾಗುತ್ತದೆ?” ಎಂದು ಕೇಳಿ. ಉತ್ತರ ಕಣ್ಣಿಗೆ ಕಾಣುವಂಥದ್ದು, ಕೈಗೆ ಸಿಗುವಂಥದ್ದು, ಕಿವಿಗೆ ಕೇಳುವಂಥದ್ದು ಆಗಿರಬೇಕು.

“ಸುಲಭ ಕೆಲಸ” ಎಂಬ ಕೊನೆಯ ಮಾತನ್ನು ದಯವಿಟ್ಟು ತೆಗೆಯಿರಿ. ಧೈರ್ಯ ತುಂಬಲೆಂದೇ ಬರೆದಿರುತ್ತೀರಿ. ಆದರೆ ಕೈಗೆ ಬಾರದವರ ಕಿವಿಗೆ ಬೀಳುವುದು “ಸುಲಭದ್ದೂ ನಿನ್ನಿಂದ ಆಗಲಿಲ್ಲ” ಎಂದು. ಆಮೇಲೆ ಅವರು ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತಾರೆ, ಬಿಟ್ಟುಹೋದ ಹೆಜ್ಜೆಯ ಸುದ್ದಿ ನಿಮಗೆ ತಲುಪುವುದೇ ಇಲ್ಲ.

ಗುಣಾಕಾರ

ಒಪ್ಪುತ್ತೇನೆ, ಆದರೆ ಒಂದು ತಕರಾರು. ಹೀಗೆ ಎಲ್ಲವನ್ನೂ ಬಿಡಿಸಿಟ್ಟರೆ ನಾಲ್ಕು ಸಾಲಿನ ಸೂಚನೆ ನಾಲ್ಕು ಪುಟ ಆಗುತ್ತದೆ. ಅರ್ಧ ಬಲ್ಲವರಿಗೆ ಅದು ಕಿರಿಕಿರಿ. ಅದು ಬರೀ ಬೇಸರದ ಮಾತೂ ಅಲ್ಲ. ಹೊಸಬರಿಗೆ ನೆರವಾಗುವ ವಿವರಣೆ ಪಳಗಿದವರ ಕಲಿಕೆಗೆ ಅಡ್ಡಿಯಾಗುತ್ತದೆ ಎಂಬುದನ್ನು ಕಲಿಕೆಯ ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಗೊತ್ತಿರುವುದನ್ನೇ ಓದಿ, ತಮ್ಮ ತಿಳಿವಳಿಕೆಗೆ ಹೊಂದಿಸಿ ನೋಡುವ ಶ್ರಮ ಅವರ ಮೇಲೆ ಹೆಚ್ಚುವರಿಯಾಗಿ ಬೀಳುತ್ತದೆ. ಹಾಗಾದರೆ ಯಾರಿಗೆ ಬರೆಯುವುದು?

ವಾಕ್ಯದೋಷ

ಗುಣಾಕಾರ ಅವರೇ, ಎರಡು ಪದರವಾಗಿ ಬರೆಯಿರಿ. ಮೇಲಿನ ಸಾಲು ದಪ್ಪಕ್ಷರದಲ್ಲಿ, ಏಳೆಂಟು ಪದ. ಕೆಳಗೆ ಸಣ್ಣಕ್ಷರದಲ್ಲಿ ಎಷ್ಟು, ಎಲ್ಲಿವರೆಗೆ, ತಪ್ಪಿದರೆ ಏನಾಗುತ್ತದೆ. ಬಲ್ಲವರು ದಪ್ಪಕ್ಷರ ಮಾತ್ರ ಓದಿಕೊಂಡು ಹೋಗುತ್ತಾರೆ. ಆದರೆ ಬಿಟ್ಟರೆ ಕೆಲಸ ಕೆಡುವ ಹೆಜ್ಜೆ (ಇಲ್ಲಿ ಒಣಗಲು ಬಿಡುವುದು) ಮೇಲಿನ ಸಾಲಿನಲ್ಲೇ ಇರಬೇಕು, ಸಣ್ಣಕ್ಷರಕ್ಕೆ ತಳ್ಳಕೂಡದು.

ಗುಣಾಕಾರ

ಅದು ಸರಿಹೋಗುತ್ತದೆ. ನನ್ನ ಕ್ಷೇತ್ರದ ಉದಾಹರಣೆ ಸೇರಿಸುತ್ತೇನೆ. ಸ್ಪ್ರೆಡ್‌ಶೀಟಿನಲ್ಲಿ ವಿಲುಕಪ್ (VLOOKUP, ಪಟ್ಟಿಯ ಮೊದಲ ಕಾಲಂನಲ್ಲಿ ಒಂದು ಬೆಲೆ ಹುಡುಕಿ ಅದೇ ಸಾಲಿನ ಬೇರೆ ಕಾಲಂನದನ್ನು ತಂದುಕೊಡುವ) ಸೂತ್ರ ಹೇಳಿಕೊಡುವವರು “ಕೊನೆಗೊಂದು ಸೊನ್ನೆ ಹಾಕಿಬಿಡಿ” ಎಂದು ಮುಂದೆ ಹೋಗುತ್ತಾರೆ. ಅದು ಯಾಕೆ ಎಂದು ಹೇಳುವುದಿಲ್ಲ. ಸೊನ್ನೆ ಎಂದರೆ ಪೂರ್ತಿ ಹೊಂದುವ ಬೆಲೆಯನ್ನೇ ಹುಡುಕು ಎಂದು. ಆ ನಾಲ್ಕನೇ ಜಾಗ ಬಿಟ್ಟುಬಿಟ್ಟರೆ, ಪೂರ್ತಿ ಹೊಂದುವುದು ಸಿಗದಾಗ ಸೂತ್ರ ಅದಕ್ಕಿಂತ ಕೆಳಗಿನ ಹತ್ತಿರದ ಬೆಲೆಯನ್ನು ಹಿಡಿಯುತ್ತದೆ, ಅದೂ ಮೊದಲ ಕಾಲಂ ಏರಿಕೆಯ ಕ್ರಮದಲ್ಲಿದೆ ಎಂದು ನಂಬಿಕೊಂಡು. ಕ್ರಮದಲ್ಲಿ ಇಲ್ಲದಿದ್ದರೆ ದೋಷದ ಸಂದೇಶ ಬಾರದೆಯೇ ತಪ್ಪು ಉತ್ತರ ಬಂದು ಕೂರಬಹುದು. ಸೂತ್ರವನ್ನು ಕೆಳಗೆ ಎಳೆದಾಗ ಪಟ್ಟಿಯ ವ್ಯಾಪ್ತಿಯೂ ಜಾರುವುದು (ವ್ಯಾಪ್ತಿ ಕದಲದಂತೆ ಹಿಡಿಯುವ ಡಾಲರ್ ಚಿಹ್ನೆ ಹಾಕದ್ದರಿಂದ), ಸಂಖ್ಯೆಯಂತೆ ಕಾಣುವುದು ನಿಜವಾಗಿ ಪಠ್ಯವಾಗಿರುವುದು, ಪದದ ಕೊನೆಯಲ್ಲಿ ಕಾಣದ ಖಾಲಿ ಜಾಗ ಉಳಿದಿರುವುದು, ಇವು ಮೂರೂ ಹೊಸಬರಿಗೆ ಕಬ್ಬಿಣದ ಕಡಲೆ. ಬಲ್ಲವರು ಇವನ್ನು ಒಂದು ನೋಟದಲ್ಲಿ ಪತ್ತೆಮಾಡಿ ಸರಿಪಡಿಸಿ, ಏನು ಮಾಡಿದೆವೆಂದೂ ಹೇಳದೆ ಮುಂದೆ ಹೋಗಿರುತ್ತಾರೆ. ತಪ್ಪಿದ ಮೇಲೆ ದಾರಿಗೆ ಬರುವುದು ಹೇಗೆ ಎಂಬುದನ್ನೂ ಬಿಟ್ಟುಹೋಗುವ ಹೆಜ್ಜೆಗಳ ಪಟ್ಟಿಗೆ ಸೇರಿಸಿಕೊಳ್ಳಿ.

ತಾಳ್ಮೆ

ಹಿರಿಯರಿಗೆ ಸ್ಮಾರ್ಟ್‌ಫೋನ್ ಹೇಳಿಕೊಡುವ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಲ್ಲಿ ಹೆಜ್ಜೆಗಳಿಗಿಂತ ಕೆಳಗಿನ ಮಟ್ಟದಲ್ಲೇ ಊಹೆಗಳು ತಪ್ಪಿರುತ್ತವೆ.

“ಒತ್ತಿ” ಎನ್ನುತ್ತೇವೆ. ಗುಂಡಿ ಒತ್ತಿ ರೂಢಿಯಾದವರು ಗಟ್ಟಿಯಾಗಿ, ಹೆಚ್ಚು ಹೊತ್ತು ಒತ್ತುತ್ತಾರೆ. ಅರ್ಧ ಸೆಕೆಂಡ್ ದಾಟಿದರೆ ಫೋನ್ ಅದನ್ನು ಬೇರೆಯೇ ಅಪ್ಪಣೆ ಎಂದುಕೊಂಡು ಬೇರೇನನ್ನೋ ತೆರೆಯುತ್ತದೆ. “ಮುಟ್ಟಿ ತಕ್ಷಣ ಬೆರಳೆತ್ತಿ” ಎನ್ನಬೇಕು. ಆಂಡ್ರಾಯ್ಡ್‌ನಲ್ಲಿ ಆಕ್ಸೆಸಿಬಿಲಿಟಿ ಸೆಟ್ಟಿಂಗಿಗೆ ಹೋಗಿ, ಬೆರಳು ಎಷ್ಟು ಹೊತ್ತು ಇದ್ದರೆ ದೀರ್ಘ ಒತ್ತು ಎಂದು ಎಣಿಸಬೇಕು ಎಂಬುದನ್ನೇ ಹೆಚ್ಚಿಸಬಹುದು. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

“ಕೆಳಗೆ ಹೋಗಿ” ಎಂದರೆ ಬೆರಳನ್ನು ಮೇಲಕ್ಕೆ ಸರಿಸಬೇಕು. ನಮಗೆ ಅದರಲ್ಲಿ ವಿರೋಧ ಕಾಣುವುದೇ ಇಲ್ಲ! “ಹಾಳೆಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ, ಕೆಳಗಿನದು ಕಾಣುತ್ತದೆ” ಎಂದರೆ ಒಂದೇ ಸಲಕ್ಕೆ ಹಿಡಿಸುತ್ತದೆ. ಹಿಂದೆ ಹೋಗಲು ಅಂಚಿನಿಂದ ಬೆರಳೆಳೆಯುವ ಬಗೆ ಕಣ್ಣಿಗೆ ಕಾಣದ ಗುಂಡಿಯಿದ್ದಂತೆ. ಸಿಸ್ಟಂ ನ್ಯಾವಿಗೇಷನ್‌ನಲ್ಲಿ ಮೂರು ಗುಂಡಿಗಳ ಬಗೆಗೆ ಬದಲಾಯಿಸಿ ಕೊಡಿ. ಚರ್ಮ ಒಣಗಿದ್ದರೆ ಪರದೆ ಸ್ಪರ್ಶವನ್ನು ಗುರುತಿಸದೆಯೂ ಇರಬಹುದು, ಅದು ಅವರ ತಪ್ಪಲ್ಲ ಎಂದು ಮೊದಲೇ ಹೇಳಿ.

ಎಲ್ಲಕ್ಕಿಂತ ದೊಡ್ಡದು ಹೆದರಿಕೆ. ಯಾವುದನ್ನು ಮುಟ್ಟಿದರೆ ಹಿಂದಕ್ಕೆ ಬರಬಹುದು, ಯಾವುದನ್ನು ಮುಟ್ಟಿದರೆ ಬರಲಾಗದು ಎಂಬುದು ನಮಗೆ ಕರತಲಾಮಲಕ, ಅವರಿಗೆ ಎಲ್ಲವೂ ಒಂದೇ ಥರ ಅಪಾಯ. ಮೊದಲ ಪಾಠ ಇದೇ ಆಗಿರಲಿ: ಹಿಂದೆ, ಹೋಮ್, ಸರಿಸುವುದು ಇವುಗಳಿಂದ ಏನೂ ಹಾಳಾಗದು. ಅಳಿಸು, ಕಳಿಸು, ಪಾವತಿಸು ಎಂಬ ಮೂರನ್ನು ಮುಟ್ಟುವ ಮೊದಲು ಮಾತ್ರ ನಿಂತು ಓದಿ.

ಮತ್ತೆ, ಫೋನನ್ನು ಅವರ ಕೈಯಿಂದ ತೆಗೆದುಕೊಳ್ಳಬೇಡಿ. “ಕೊಡಿ ಇಲ್ಲಿ, ಮಾಡಿಕೊಡ್ತೀನಿ” ಎಂದ ಕ್ಷಣಕ್ಕೆ ಪಾಠ ಮುಗಿಯಿತು. ನಮ್ಮ ಕೈ ಬೆನ್ನ ಹಿಂದೆ ಇರಬೇಕು.

ಹೆಜ್ಜೆಗುರುತು

ತಾಳ್ಮೆ ಅವರೇ, ಕೈ ಬೆನ್ನ ಹಿಂದೆ ಎಂದಿರಿ. ಕರಡು ಪರೀಕ್ಷೆ ಮಾಡುವಾಗಲೂ ಹಾಗೇ ಕೂರಬೇಕೇ? ಎಷ್ಟು ಜನರನ್ನು ನೋಡಿದರೆ ಸಾಕು, ಏನು ಬರೆದುಕೊಳ್ಳಬೇಕು?

ತಾಳ್ಮೆ

ಹಾಗೇ. ಕರಡನ್ನು ಕೈಗೆ ಕೊಟ್ಟು, “ಪರೀಕ್ಷೆ ನಿಮಗಲ್ಲ, ಈ ಹಾಳೆಗೆ. ತಲೆಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಮಾಡಿ” ಎಂದಷ್ಟೇ ಹೇಳಿ. “ಯಾಕೆ ಹಾಗೆ ಮಾಡಿದಿರಿ?” ಎಂದು ನಡುವೆ ಕೇಳಬಾರದು. ಕಾರಣ ಕೊಡಬೇಕಾಗಿ ಬಂದರೆ ಅವರು ಕೆಲಸ ಮಾಡುವ ರೀತಿಯೇ ಬದಲಾಗುತ್ತದೆ. ಅವರೇ ಪ್ರಶ್ನೆ ಕೇಳಿದರೆ “ಹಾಳೆಯಲ್ಲಿ ಏನು ಅನ್ನಿಸುತ್ತದೆ?” ಎಂದು ಮರಳಿ ಕೇಳಿ. ಬರೆದುಕೊಳ್ಳಬೇಕಾದದ್ದು ಮೂರೇ: ಎಲ್ಲಿ ಕೈ ನಿಂತಿತು (ಹತ್ತು ಸೆಕೆಂಡ್ ದಾಟಿದರೆ ಗುರುತು ಹಾಕಿ), ಎಲ್ಲಿ ಒಂದೇ ಸಾಲನ್ನು ಎರಡನೇ ಸಲ ಓದಿದರು, ಮೊದಲ ತಪ್ಪು ಯಾವುದು. ಮೊದಲನೆಯದೇ ಮುಖ್ಯ, ಉಳಿದ ತಪ್ಪುಗಳು ಅದರ ಮಕ್ಕಳು.

ಒಬ್ಬರ ಪರೀಕ್ಷೆ ಮುಗಿದೊಡನೆ ಕರಡು ತಿದ್ದಿ, ಆಮೇಲೆ ಇನ್ನೊಬ್ಬರಿಗೆ ಕೊಡಿ. ಹೀಗೆ ನಾಲ್ಕೈದು ಮಂದಿಯಲ್ಲಿ ದೊಡ್ಡ ತೊಡಕುಗಳೆಲ್ಲ ಹೊರಬರುತ್ತವೆ. ಒಮ್ಮೆ ಮಾಡಿದವರನ್ನೇ ಮತ್ತೆ ಕೂರಿಸಿದರೆ ಉಪಯೋಗವಿಲ್ಲ, ಅವರೀಗ ಹೊಸಬರಲ್ಲ.

“ಅರ್ಥವಾಯಿತಾ?” ಎಂಬ ಪ್ರಶ್ನೆಯನ್ನು ಪೂರ್ತಿ ಬಿಟ್ಟುಬಿಡಿ. ಅದಕ್ಕೆ “ಹೂಂ” ಎಂಬುದಲ್ಲದೆ ಬೇರೆ ಉತ್ತರ ಬಾರದು. ರೋಗಿಗೆ ಔಷಧಿಯ ಕ್ರಮ ಹೇಳುವಾಗ “ಮನೆಗೆ ಹೋಗಿ ಇದನ್ನು ಹೇಗೆ ತೆಗೆದುಕೊಳ್ಳುತ್ತೀರಿ, ಒಮ್ಮೆ ಹೇಳಿ” ಎಂದು ಕೇಳುವ ಪದ್ಧತಿ ಇದೆಯಲ್ಲ, ಅದೇ ಇಲ್ಲಿಗೂ ಸರಿ.

ಸ್ಪ್ಯಾನರ್

ಹೊಸಬರು ಸಿಗದಿದ್ದರೆ ಇನ್ನೊಂದು ದಾರಿ. ಕರಡನ್ನು ಬೇರೊಬ್ಬರು ಗಟ್ಟಿಯಾಗಿ ಓದಲಿ, ನೀವು ಓದಿದಷ್ಟನ್ನೇ ಮಾಡಿ. ಹಾಳೆಯಲ್ಲಿ ಇಲ್ಲದ ಕಡೆಗೆ ಕೈ ಹೋದರೆ ಓದುವವರು ತಡೆಯಬೇಕು. ವಿಡಿಯೊ ಮಾಡುವುದಾದರೆ ಕ್ಯಾಮೆರಾ ಕೆಲಸ ಮಾಡುವವರ ಭುಜದ ಹಿಂದಿನಿಂದ ಇರಲಿ. ಎದುರಿನಿಂದ ತೆಗೆದರೆ ನೋಡುವವರಿಗೆ ಎಡಬಲ ತಿರುಗುಮುರುಗಾಗಿ ಅದನ್ನು ಸರಿಮಾಡಿಕೊಳ್ಳುವುದೇ ಒಂದು ಕೆಲಸವಾಗುತ್ತದೆ. ಗಂಟು ಹಾಕುವುದು, ಹೆಣಿಗೆ ಇಂಥವಕ್ಕೆ ಇದು ಬಹಳ ಮುಖ್ಯ.

ಒಳಗಂಟು

ಹೊಸಬರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂದು ಅಂದಾಜು ಮಾಡುವುದನ್ನೂ ಬಲ್ಲವರಿಗೆ ಬಿಡಬೇಡಿ. ಸಂಶೋಧಕಿ ಪಮೇಲಾ ಹಿಂಡ್ಸ್ 1999ರಲ್ಲಿ ಇದನ್ನೇ ಪರೀಕ್ಷಿಸಿದರು. ಹೆಚ್ಚು ಪಳಗಿದವರ ಅಂದಾಜೇ ಹೆಚ್ಚು ತಪ್ಪಿತ್ತು, ತಿದ್ದಲೆಂದು ಮಾಡಿದ ಉಪಾಯಗಳಿಗೂ ಅದು ಜಗ್ಗಲಿಲ್ಲ. ನಡುಮಟ್ಟದವರ ಅಂದಾಜು ಹೆಚ್ಚು ಸರಿಯಿರಬಹುದು ಎಂಬುದು ಅಲ್ಲಿಂದ ಹೊರಟ ಸೂಚನೆ. “ಹತ್ತು ನಿಮಿಷ” ಎಂದು ಬರೆಯುವ ಬದಲು, ಇತ್ತೀಚೆಗೆ ಕಲಿತು ಇನ್ನೂ ತಡವರಿಸುತ್ತಿರುವವರನ್ನು ಕೇಳಿ ಬರೆಯಿರಿ. ಕರಡು ತಿದ್ದಲೂ ಅವರೇ ತಕ್ಕವರು. ಎಡವಿದ ಕಲ್ಲು ಅವರಿಗಿನ್ನೂ ನೆನಪಿರುತ್ತದೆ.

ಓದುಗಣ್ಣು

ಇಲ್ಲಿಯವರೆಗಿನ ಚರ್ಚೆ ಅಭ್ಯಾಸದಿಂದ ಬಂದ ಸುಲಭದ ಬಗ್ಗೆ. ಅಭ್ಯಾಸಕ್ಕೆ ಸಂಬಂಧವೇ ಇಲ್ಲದ ಸುಲಭವೂ ಇದೆ. ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1880ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, “ಈ ಬೆಳಿಗ್ಗೆ ನೀವು ತಿಂಡಿಗೆ ಕೂತಿದ್ದ ಮೇಜನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ, ಎಷ್ಟು ಸ್ಪಷ್ಟವಾಗಿ ಕಾಣುತ್ತದೆ?” ಎಂದು ಜನರನ್ನು ಕೇಳಿದರು. ಮನಸ್ಸಿನಲ್ಲಿ ಚಿತ್ರ ಕಾಣುವುದು ಎಂಬುದು ಬರೀ ಮಾತಿನ ಅಲಂಕಾರ ಎಂದುಕೊಂಡಿದ್ದ ವಿಜ್ಞಾನಿಗಳು ಅವರಲ್ಲಿ ಹಲವರಿದ್ದರು. ಕಾಣುವವರಿಗೋ, ಕಾಣದವರು ಇದ್ದಾರೆ ಎಂಬುದೇ ಅಚ್ಚರಿ. ಮನಸ್ಸಿನಲ್ಲಿ ಚಿತ್ರ ಕಾಣದ ಈ ಸ್ಥಿತಿಗೆ ಅಫಾಂಟೇಸಿಯಾ ಎಂಬ ಹೆಸರು ಬಂದದ್ದು 2015ರಲ್ಲಿ. “ಘನವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡು” ಎಂದು ಜ್ಯಾಮಿತಿ ಕಲಿಸುವವರು ಇದನ್ನು ತಿಳಿದಿರಬೇಕು. ಇಂಥ ವಿದ್ಯಾರ್ಥಿಗೆ ಇನ್ನೂ ಹತ್ತು ಸಲ ಹೇಳುವುದು ದಂಡ. ಕೈಗೊಂದು ಪೆಟ್ಟಿಗೆ ಕೊಡಿ, ಮುಖಗಳಿಗೆ ಅಂಕಿ ಬರೆದು ತಿರುಗಿಸಲಿ.

ಬಣ್ಣವೂ ಹಾಗೆಯೇ. “ಹಸಿರು ದೀಪ ಬಂದರೆ ಮುಂದುವರಿಯಿರಿ” ಎಂಬ ಸೂಚನೆ ಕೆಂಪು ಹಸಿರಿನ ಭೇದ ಕಾಣದವರಿಗೆ ಏನನ್ನೂ ಹೇಳುವುದಿಲ್ಲ. “ಬಲಗಡೆಯ ಹಸಿರು ದೀಪ” ಎಂದರೆ ಸಾಕು. ಓದುವಾಗ ಅಕ್ಷರಗಳು ತಡವಾಗಿ ಕೂಡಿಕೊಳ್ಳುವವರಿಗೆ ಸಾಲು ಗಿಡ್ಡವಿರಲಿ, ಒಂದು ಹೆಜ್ಜೆಗೆ ಒಂದು ಸಾಲು, ಪಕ್ಕದಲ್ಲೇ ಚಿತ್ರ.

ಗುಣಾಕಾರ

ಇದರ ಮಗ್ಗುಲಲ್ಲೇ ಇನ್ನೊಂದು ನಷ್ಟ. ತನಗೆ ಸುಲಭವಾದದ್ದು ಎಲ್ಲರಿಗೂ ಬರುತ್ತದೆ ಎಂದುಕೊಂಡವರು ತಮ್ಮ ಕೌಶಲಕ್ಕೆ ತಾವೇ ಬೆಲೆ ಕೊಡುವುದಿಲ್ಲ. ಮನೋವಿಜ್ಞಾನಿಗಳಾದ ಕ್ರೂಗರ್ ಮತ್ತು ಡನ್ನಿಂಗ್ ಅವರ 1999ರ ಅಧ್ಯಯನದಿಂದ ಜನ ನೆನಪಿಟ್ಟುಕೊಂಡದ್ದು ತಿಳಿಯದವರ ಅತಿವಿಶ್ವಾಸವನ್ನು ಮಾತ್ರ. ಅದರಲ್ಲೇ, ಕೊಟ್ಟ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಮೇಲಿನ ಕಾಲುಭಾಗದವರು ತಮ್ಮ ಸ್ಥಾನವನ್ನು ಇದ್ದದ್ದಕ್ಕಿಂತ ಕೆಳಗೆ ಅಂದಾಜಿಸಿದ್ದರು. ಉಳಿದವರ ಉತ್ತರಗಳನ್ನು ತೋರಿಸಿದಾಗ ಅಂದಾಜನ್ನು ಮೇಲಕ್ಕೆ ತಿದ್ದಿಕೊಂಡರು. ತಂಡದಲ್ಲಿ ಕೆಲಸ ಹಂಚುವವರು ಗಮನಿಸಿ: “ಅದೇನು ಮಹಾ” ಎಂದು ಯಾರಾದರೂ ಹೇಳಿದ ಕೆಲಸವನ್ನೇ ಮೊದಲು ಬರೆದಿಡಿಸಿ. ಅವರಿಲ್ಲದ ದಿನ ನಿಲ್ಲುವುದು ಅದೇ.

ಹೆಜ್ಜೆಗುರುತು

ಎಲ್ಲರಿಗೂ ಧನ್ಯವಾದ. ತಿದ್ದಿದ ಕರಡು ಹೀಗಿದೆ, ದಯವಿಟ್ಟು ನೋಡಿ:

“ಚಕ್ರ ಬಿಚ್ಚಿ. ಗಾಳಿ ತುಂಬುವ ವಾಲ್ ತೆರೆದು ಉಳಿದ ಗಾಳಿಯನ್ನು ಪೂರ್ತಿ ಬಿಡಿ.

ಟಯರಿನ ಎರಡೂ ಅಂಚನ್ನು ಸುತ್ತಲೂ ಹಿಂಡಿ, ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿ. ಆಗ ಟಯರ್ ಸಡಿಲವಾಗುತ್ತದೆ. ಒಂದು ಬದಿಯ ಅಂಚನ್ನು ಮಾತ್ರ ಟಯರ್ ಲಿವರಿನಿಂದ (ಅಂಚು ಎತ್ತುವ ಕೊಕ್ಕೆ ತುದಿಯ ಪಟ್ಟಿ) ರಿಮ್ಮಿನ ಹೊರಗೆ ತನ್ನಿ. ಟ್ಯೂಬ್ ಎಳೆದು ತೆಗೆಯಿರಿ.

ಟ್ಯೂಬಿಗೆ ಅದರ ಸಹಜ ದಪ್ಪದ ಎರಡರಷ್ಟು ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ. ಗುಳ್ಳೆ ಏಳುವ ಜಾಗವೇ ತೂತು. ಒರೆಸಿ, ಪ್ಯಾಚಿಗಿಂತ ಉದ್ದದ ತೋಳುಗಳ ಗೀಟು ಹಾಕಿ. ಗಾಳಿ ಬಿಡಿ.

ಪ್ಯಾಚಿಗಿಂತ ಸುತ್ತಲೂ ಒಂದು ಬೆರಳಷ್ಟು ಹೆಚ್ಚು ಜಾಗವನ್ನು ಹೊಳಪು ಹೋಗುವವರೆಗೆ ಉಜ್ಜಿ. ಪುಡಿ ಒರೆಸಿ.

ತೆಳುವಾಗಿ, ಒಂದೇ ಪದರ ಸೊಲ್ಯೂಷನ್ ಹಚ್ಚಿ. ಹೊಳಪು ಹೋಗಿ ಮಂಕಾಗುವವರೆಗೆ, ಸುಮಾರು 5 ನಿಮಿಷ, ಮುಟ್ಟದೆ ಬಿಡಿ. ಹಸಿಯಲ್ಲಿ ಅಂಟಿಸಿದರೆ ಪ್ಯಾಚ್ ಏಳುತ್ತದೆ.

ಪ್ಯಾಚಿನ ಹಾಳೆ ಸುಲಿದು, ಆ ಬದಿಯನ್ನು ಗೀಟಿನ ಕೇಂದ್ರದ ಮೇಲೆ ಇಡಿ. ನಡುವಿನಿಂದ ಅಂಚಿನ ಕಡೆಗೆ ಹೆಬ್ಬೆರಳಿನಿಂದ ಒತ್ತಿ. ಮೇಲಿನ ಪೊರೆ ತೆಗೆಯಬೇಡಿ.

ಟ್ಯೂಬ್ ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ ಟಯರಿನೊಳಗೆ ಸೇರಿಸಿ. ಪೂರ್ತಿ ಚಪ್ಪಟೆಯಿದ್ದರೆ ಒಳಗೆ ತಿರುಚಿಕೊಳ್ಳುತ್ತದೆ. ಟಯರಿನ ಅಂಚನ್ನು ವಾಲ್‌ನ ಎದುರು ಬದಿಯಿಂದ ಕೈಯಲ್ಲೇ ಕೂರಿಸುತ್ತಾ ಬಂದು ವಾಲ್ ಹತ್ತಿರ ಮುಗಿಸಿ.”

ಸ್ಪ್ಯಾನರ್

ಈಗ ಪ್ಯಾಚ್ ನಿಲ್ಲುತ್ತದೆ. ಆದರೆ ಇಷ್ಟು ಜನ ಸೇರಿ ಬರೆದರೂ ಒಂದು ಬಿಟ್ಟುಹೋಗಿದೆ, ನನ್ನ ಮೊದಲ ಉತ್ತರದಲ್ಲೂ ಅದು ಇಲ್ಲ: ತೂತು ಮಾಡಿದ ಮುಳ್ಳು ಇನ್ನೂ ಟಯರಿನಲ್ಲೇ ಇದೆ. ಗಾಳಿ ತುಂಬಿದೊಡನೆ ಅದೇ ಜಾಗದಲ್ಲಿ ಮತ್ತೆ ಚುಚ್ಚುತ್ತದೆ. ಟ್ಯೂಬ್ ತೆಗೆಯುವ ಮೊದಲೇ ವಾಲ್ ಇರುವ ಕಡೆ ಟಯರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯಲಿ, ಟ್ಯೂಬ್ ಯಾವ ಮುಖವಾಗಿ ಕೂತಿತ್ತು ಎಂಬುದನ್ನೂ ಗುರುತಿಸಲಿ. ತೂತು ವಾಲ್‌ನಿಂದ ಎಷ್ಟು ದೂರದಲ್ಲಿದೆಯೋ ಟಯರಿನಲ್ಲೂ ಅಷ್ಟೇ ದೂರದಲ್ಲಿ ಹುಡುಕಬೇಕು. ಒಳಮೈಯನ್ನು ಬೆರಳಿನಿಂದ ತಡವಬೇಡಿ, ಗಾಯವಾದೀತು. ಬಟ್ಟೆಯ ತುಂಡು ಎಳೆದರೆ ಮುಳ್ಳಿದ್ದಲ್ಲಿ ನೂಲು ಸಿಕ್ಕಿಕೊಳ್ಳುತ್ತದೆ.

ತೂತು ಟ್ಯೂಬಿನ ಒಳಬದಿಯಲ್ಲಿ, ಅಂದರೆ ರಿಮ್ಮಿನ ಕಡೆ ಇದ್ದರೆ ಮುಳ್ಳು ಹುಡುಕಿ ಪ್ರಯೋಜನವಿಲ್ಲ. ರಿಮ್ ಪಟ್ಟಿ ಸರಿದು ಕಡ್ಡಿಯ ತುದಿ ಅಥವಾ ಕಡ್ಡಿಯ ತೂತಿನ ಅಂಚು ತಾಗುತ್ತಿದೆಯೇ ನೋಡಿ. ಅಕ್ಕಪಕ್ಕದಲ್ಲಿ ಎರಡು ತೂತು ಜೋಡಿಯಾಗಿದ್ದರೆ ಗಾಳಿ ಕಡಿಮೆಯಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಹಿಂಡಿಕೊಂಡಿದೆ.

ತಾಳ್ಮೆ

“ಲಿವರಿನಿಂದ ಹೊರಗೆ ತನ್ನಿ” ಎಂಬಲ್ಲೂ ನಿಲ್ಲುತ್ತಾರೆ. ಮೊದಲ ಲಿವರನ್ನು ಸಿಕ್ಕಿಸಿ ಹಾಗೇ ಹಿಡಿದು, ಒಂದು ಗೇಣು ಆಚೆ ಎರಡನೆಯದನ್ನು ಹಾಕಬೇಕು. ಒಂದರಲ್ಲೇ ಮಾಡಹೊರಟರೆ ಎತ್ತಿದ ಅಂಚು ಮರಳಿ ಒಳಗೆ ಜಾರುತ್ತದೆ. ಲಿವರಿನ ತುದಿ ಟ್ಯೂಬನ್ನು ಕಚ್ಚಿಕೊಂಡರೆ ಇನ್ನೊಂದು ತೂತು ಗ್ಯಾರಂಟಿ, ಆದ್ದರಿಂದ ತುದಿಯನ್ನು ಅಂಚಿನಡಿಗೆ ಬೇಕಾದಷ್ಟೇ ತೂರಿಸಿ… ನೋಡಿ, “ಬೇಕಾದಷ್ಟೇ” ಎಂದು ನಾನೂ ಬರೆದೆ. ಅಂಚು ತುದಿಯ ಕೊಕ್ಕೆಗೆ ಸಿಕ್ಕುವಷ್ಟು, ಅದಕ್ಕಿಂತ ಒಳಗೆ ಬೇಡ.

ಹೆಜ್ಜೆಗುರುತು

ಎರಡನ್ನೂ ಸೇರಿಸುತ್ತೇನೆ. ಕೊನೆಯ ಹೆಜ್ಜೆಯಲ್ಲಿ ಅಂಚು ಕೂರಿಸಿದ ಮೇಲೆ ವಾಲನ್ನು ಒಮ್ಮೆ ಒಳಕ್ಕೆ ತಳ್ಳಿ ಬಿಡುವುದನ್ನೂ, ಸುತ್ತಲೂ ಟಯರ್ ಸರಿಸಿ ಟ್ಯೂಬ್ ಎಲ್ಲೂ ಅಂಚಿನಡಿ ಸಿಕ್ಕಿಲ್ಲವೆಂದು ನೋಡುವುದನ್ನೂ ಬರೆದಿದ್ದೇನೆ. ಗಾಳಿ ಎಷ್ಟು ಎಂಬುದಕ್ಕೆ ಟಯರಿನ ಬದಿಯ ಅಂಕಿ ಇರುವ ಜಾಗದ ಚಿತ್ರ ಹಾಕುತ್ತೇನೆ. ಹಳೆಯ ಕರಡನ್ನು ನೋಡಿರದ ಒಬ್ಬರ ಕೈಗೆ ಇದನ್ನು ಕೊಟ್ಟು, ಕೈ ನಿಂತ ಜಾಗಗಳ ಪಟ್ಟಿಯನ್ನು ಇಲ್ಲೇ ಹಾಕುತ್ತೇನೆ.